ಎಡಪುಟದ ಮೇಡಂ

ಮೇಡಂ ಬಾಯಲ್ಲಿ ‘ಗೊತ್ತಾಯಿತು’ ಎಂಬ ಮಾತನ್ನು ನಾನು ಕೇಳಿದ್ದೇ ಇಲ್ಲ. ಏನು ಕಂಡರೂ “ಸದ್ಯಕ್ಕ ಹಿಂಗ ಕಾಣಾಕತ್ತೈತಿ” ಎನ್ನುತ್ತಿದ್ದರು. ಸಾರಿಗೆ ಉಪ್ಪು ಕಡಿಮೆಯಾಯಿತೇ ಎಂದು ಕೇಳಿದರೂ ಅದೇ ಉತ್ತರ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಇಷ್ಟು ಓದಿದವರು ಒಂದು ಮಾತನ್ನಾದರೂ ಗಟ್ಟಿಯಾಗಿ ಹೇಳಬಾರದೇ? ಆಮೇಲೆ ನನ್ನ ಕೈಯಿಂದಲೇ ಒಂದು ಅನಾಹುತವಾಯಿತು, ಆಗ ಆ ಮಾತಿನ ತೂಕ ತಿಳಿಯಿತು. ಕಳೆದ ತಿಂಗಳು ಅವರು ಗದ್ವಾಲದಲ್ಲಿ ತೀರಿಕೊಂಡರು. ಅವರ ಮೇಲೆ ಬಹಳ ವರ್ಷ ಕೂತಿದ್ದ ಒಂದು ಅಪವಾದಕ್ಕೆ ಕಾರಣ ನಾನು. ಅವರು ಬದುಕಿರುವ ತನಕ ನಾಲ್ಕು ಜನರ ಮುಂದೆ ನಾನು ಬಾಯಿ ಬಿಡಲಿಲ್ಲ.

ಅವರದು ಗದ್ವಾಲದ ವ್ಯಾಪಾರಸ್ಥರ ಮನೆ. ಮೂಲ ರಾಯಚೂರಿನ ಕಡೆಯದು, ಹಾಗಾಗಿ ಮನೆಯೊಳಗೆ ಕನ್ನಡ, ಅಂಗಡಿಯಲ್ಲಿ ತೆಲುಗು. ಅವರು ಅಂಗಡಿಯನ್ನೂ ಬಿಟ್ಟು, ಮದುವೆಯನ್ನೂ ಬಿಟ್ಟು, ಹೈದರಾಬಾದಿನ ಒಂದು ಸಂಶೋಧನಾಲಯದಲ್ಲಿ ವಿಜ್ಞಾನಿಯಾಗಿದ್ದರು. ಮೈಯೊಳಗೆ ಕಾವಲು ಕಾಯುವ ಬಿಳಿ ರಕ್ತಕಣಗಳು ಯಾವ ಸಂಕೇತ ಸಿಕ್ಕರೆ ಎದ್ದು ನಿಲ್ಲುತ್ತವೆ, ಯಾವುದು ಸಿಕ್ಕರೆ ಸುಮ್ಮನಾಗುತ್ತವೆ, ಕ್ಯಾನ್ಸರ್ ಗಂಟು ಅವುಗಳನ್ನು ಹೇಗೆ ಏಮಾರಿಸುತ್ತದೆ ಎಂಬುದೇ ಅವರ ಜೀವಮಾನದ ಕೆಲಸ. ಊರವರು ಡಾಕ್ಟರಮ್ಮ ಎಂದರೆ ಕೈ ಅಡ್ಡ ಹಿಡಿಯುತ್ತಿದ್ದರು. “ನಾ ಔಷಧ ಕೊಡೋ ಡಾಕ್ಟರ ಅಲ್ರಿ. ಔಷಧ ಯಾಕ ಹತ್ತವಲ್ದು ಅಂತ ಹುಡುಕಾಕಿ.”

ನಾನು ಮಕ್ತಲದ ಕುರುಬರ ಮನೆಯವನು. ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಮುಗಿಸಿ ಕೆಲಸ ಹುಡುಕುತ್ತಿದ್ದಾಗ ಮೇಡಂ ನನ್ನನ್ನು ತಮ್ಮ ಯೋಜನೆಗೆ ತೆಗೆದುಕೊಂಡರು. ನಾರಾಯಣಪೇಟೆಯ ಒಂದು ಆಸ್ಪತ್ರೆಯಲ್ಲಿ ನಮಗೊಂದು ಕೋಣೆ. ಸುತ್ತಲಿನ ಊರುಗಳ ಕ್ಯಾನ್ಸರ್ ರೋಗಿಗಳ ಒಪ್ಪಿಗೆ ಪಡೆದು, ರಕ್ತ ತೆಗೆದು, ಗಾಜಿನ ಟ್ಯೂಬಿಗೆ ಹಾಕಿ, ಡಬ್ಬಿಯಲ್ಲಿಟ್ಟು ಅದೇ ದಿನ ಬಸ್ಸಿನಲ್ಲಿ ಹೈದರಾಬಾದಿಗೆ ಕಳಿಸುವುದು ನನ್ನ ಕೆಲಸ. ಮೊದಲ ದಿನ ನಾನು ಬುದ್ಧಿವಂತನಂತೆ ಡಬ್ಬಿಗೆ ಐಸು ತುಂಬಿದ್ದೆ. ಮೇಡಂ ಎಲ್ಲವನ್ನೂ ನೆಲಕ್ಕೆ ಸುರಿದರು. “ಇವು ಜೀವಂತ ಅದಾವೋ ತಮ್ಮಾ. ಚಳಿ ಹತ್ತಿದ್ರ ಮುದುಡಿ ಕುಂಡ್ರತಾವ. ಮುದುಡಿ ಕುಂತವ್ರು ಖರೇ ಹೇಳಂಗಿಲ್ಲ.”

ಅವರು ಯಾವಾಗಲೂ ನಾರಾಯಣಪೇಟೆಯ ಚೌಕಳಿ ಸೀರೆ ಉಡುತ್ತಿದ್ದರು. ಸೆರಗಿನಲ್ಲಿ ಆಸಿಡ್ ಬಿದ್ದ ತೂತುಗಳು. ಮುಡಿಗೆ ಹೂವಿನ ಬದಲು ಪೆನ್ಸಿಲು. ರೊಟ್ಟಿಯನ್ನು ನಿಂತುಕೊಂಡೇ ತಿನ್ನುವರು. ನೀವು ಹೇಳಿದ್ದು ಅವರಿಗೆ ಮುಖ್ಯವೆನಿಸಿದರೆ “ಖರೇ?” ಎಂದು ಮೂರು ಸಲ ಕೇಳುವರು. ಎರಡನೆಯ ಸಲಕ್ಕೇ ನಿಮಗೆ ನಿಮ್ಮ ಮೇಲೆ ಅನುಮಾನ ಶುರುವಾಗುತ್ತಿತ್ತು.

ನಮ್ಮ ದೊಡ್ಡವ್ವನ ಎದುರಿಗೆ ಮಾತ್ರ ಅವರ ಆಟ ನಡೆಯುತ್ತಿರಲಿಲ್ಲ. ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕ, ನನ್ನನ್ನು ಸಾಕಿದವಳು. ದವಡೆಯಲ್ಲಿ ಕ್ಯಾನ್ಸರ್ ಎದ್ದಿತ್ತು. ಮೇಡಂ ಒಮ್ಮೆ ಅವಳಿಗೆ ತಮ್ಮ ಸಂಶೋಧನೆಯನ್ನು ವಿವರಿಸಿದರು. “ತೋಳ ಬಂದ್ರ ಹಟ್ಟಿ ನಾಯಿ ಬೊಗಳತೈತಿಲ್ಲವ್ವಾ? ಈ ತೋಳ ಭಾಳ ಶಾಣ್ಯಾ. ಮನಿಯವರ ವಾಸನಿ ಹಚ್ಕೊಂಡು ಬರ್ತೈತಿ. ನಾಯಿ ಬಾಲ ಅಳ್ಳಾಡಿಸಿ ಮಲಗತೈತಿ. ಆ ವಾಸನಿ ಮೂಗಿನಿಂದ ನಾಯಿ ತಲಿಗೆ ಹೆಂಗ ಮುಟ್ಟತೈತಿ, ಅದನ್ನ ನೋಡಾಕತ್ತೀನಿ.” ದೊಡ್ಡವ್ವ, “ಅಷ್ಟ್ಯಾಕ ನೋಡ್ತೀರಿ ಯವ್ವಾ, ನಾಯೀನ ಬದಲಿ ಮಾಡ್ರಿ” ಎಂದಳು. ಮೇಡಂ ಎಷ್ಟು ನಕ್ಕರೆಂದರೆ ಮುಡಿಯ ಪೆನ್ಸಿಲು ಕೆಳಗೆ ಬಿತ್ತು.

ಅವರ ಪುಸ್ತಕ ಇಡುವ ಕ್ರಮವೇ ಬೇರೆ. ಬಲಪುಟದಲ್ಲಿ ರೋಗಿಯ ವಿವರ, ಹೊತ್ತು, ಅಳತೆ. ಎಡಪುಟ ಖಾಲಿ. ಅದರ ತಲೆಗೆ ಅವರ ಕೈಬರಹದಲ್ಲಿ ‘ಬೇರೆ ಏನಾದರೂ’ ಎಂದಿರುತ್ತಿತ್ತು. “ನಿನಗ ಸಣ್ಣದು ಅನಸಿದ್ದನ್ನ ಇಲ್ಲಿ ಬರಿ. ಫ್ಯಾನ್ ನಿಂತ್ರ ಬರಿ. ರೋಗಿ ಚಹಾ ಕುಡದಿದ್ರ ಬರಿ. ನನ್ನ ಮ್ಯಾಲೆ ಸಿಟ್ಟು ಬಂದಿದ್ರ ಅದನ್ನೂ ಬರಿ.” ಆಗ ತೆಲಂಗಾಣ ಬೇಕೆಂಬ ಹೋರಾಟ ಕಾವೇರಿದ್ದ ಕಾಲ. ಇವತ್ತು ಬಸ್ಸು ಬಂದ್, ನಾಳೆ ರೈಲು ಬಂದ್. ನನ್ನ ಎಡಪುಟಗಳು ತುಂಬಿ ಹೋಗುತ್ತಿದ್ದವು. ದೇವರಕದ್ರದಲ್ಲಿ ಬಸ್ಸು ತಡೆದರು, ಡಬ್ಬಿ ಎರಡು ತಾಸು ಬಿಸಿಲಲ್ಲಿತ್ತು. ಲಾಠಿ ಏಟು ತಿಂದವನೊಬ್ಬ ಪಕ್ಕದ ಕೋಣೆಯಲ್ಲಿ ಕೂಗುತ್ತಿದ್ದ, ರೋಗಿ ಹೆದರಿದ್ದಳು. ಇಂಥವನ್ನೆಲ್ಲ ಬರೆದೆ. ಒಂದನ್ನು ಮಾತ್ರ ಬರೆಯಲಿಲ್ಲ.

ನಾವು ಬೀರಪ್ಪ, ಮೈಲಾರನನ್ನು ನಂಬಿದ ಮಂದಿ. ಭಂಡಾರ ಎಂದರೆ ನಮಗೆ ಬರೀ ಅರಿಶಿಣ ಪುಡಿಯಲ್ಲ, ದೇವರು. ನಮ್ಮ ಮನೆಯದೇನಾದರೂ ಊರ ಗಡಿ ದಾಟಿ ಹೊರಟರೆ, ಅದು ಮಾರಿದ ಕುರಿಯಾಗಲಿ, ಗಂಡನ ಮನೆಗೆ ಹೋಗುವ ಮಗಳಾಗಲಿ, ಒಂದು ಚಿಟಿಕೆ ಭಂಡಾರ ಹಾಕಿ ಕಳಿಸುವುದು ರೂಢಿ. ದೊಡ್ಡವ್ವನ ರಕ್ತ ತೆಗೆದು ಮುಚ್ಚಳ ಹಾಕುತ್ತಿದ್ದಾಗ ಅವಳು ನನ್ನ ಕೈ ಹಿಡಿದಳು. “ನನ್ನ ರಕ್ತ ಹೈದರಾಬಾದಿಗೆ ಹೊಂಟೈತಿ, ಹಂಗ ಬರಿಗೈಲೆ ಕಳಸ್ತೀಯೇನೋ?” ಸೊಂಟದ ಚೀಲದಿಂದ ಒಂದು ಚಿಟಿಕೆ ತೆಗೆದು ಕೊಟ್ಟಳು. ನಾನು ಟ್ಯೂಬಿನೊಳಗೆ ಉದುರಿಸಿ ಮುಚ್ಚಳ ಹಾಕಿದೆ. ಆಮೇಲೆ ನಮ್ಮ ಮಂದಿ ಯಾರು ಬಂದರೂ ಇದೇ ಬೇಡಿಕೆ, ನನ್ನದು ಇದೇ ಉಪಕಾರ. ಬರೆಯಬೇಕೆಂದು ನನಗೆ ಹೊಳೆಯಲೇ ಇಲ್ಲ. ಉಸಿರಾಡಿದ್ದನ್ನು ಯಾರಾದರೂ ಬರೆದಿಡುತ್ತಾರೆಯೇ?

ಒಂದು ಮಧ್ಯಾಹ್ನ ಮೇಡಂ ನಾರಾಯಣಪೇಟೆಯ ಕೋಣೆಗೆ ಬಂದರು. ಮುಖದಲ್ಲಿ ಎಂದೂ ಕಾಣದ ಕಳೆ. ಹೈದರಾಬಾದಿನಲ್ಲಿ ಅವರು ಕಣಗಳಿಗೆ ಒಂದು ಬಣ್ಣ ಹಾಕಿ ಯಂತ್ರದ ನೀಲಿ ಬೆಳಕಿನಲ್ಲಿ ಬಿಟ್ಟು ನೋಡುತ್ತಿದ್ದರು. ಒಳಗೆ ಸಂಕೇತ ಹರಿಯುತ್ತಿದ್ದರೆ ಕಣ ಹಸಿರಾಗಿ ಹೊಳೆಯಬೇಕು, ಅಂದರೆ ಕಾವಲು ಎಚ್ಚರವಾಗಿದೆ ಎಂದರ್ಥ. ಕ್ಯಾನ್ಸರ್ ಇದ್ದವರಲ್ಲಿ ಬಹಳ ಮಂದಿಯದು ಹೊಳೆಯುತ್ತಿರಲಿಲ್ಲ. ಕೆಲವರದು ಮಾತ್ರ ಹೊಳೆಯುತ್ತಿತ್ತು. “ಆ ಕೆಲವರು ಯಾರು ಗೊತ್ತೇನು? ನಿಮ್ಮ ಮಂದಿ. ಹುಟ್ಟಿದಾಗಿಂದ ಕುರಿ ಸಂಗಡ ಬೆಳದ ಮೈ. ನಿಮ್ಮ ರಕ್ತದಾಗ ಏನೋ ಐತಿ ತಮ್ಮಾ. ಇದು ಖರೇನ ಇರಬೇಕು ಅನಸತೈತಿ.” ‘ಖರೇನ’ ಎಂದರು! ನನ್ನ ಎದೆ ಉಬ್ಬಿತು. ನಮ್ಮ ರಕ್ತಕ್ಕೆ ಇಂಥ ಮರ್ಯಾದೆ ಯಾವ ಕಾಲಕ್ಕೆ ಸಿಕ್ಕಿತ್ತು?

ಅವರು ಹೊಳೆದವರ ಪಟ್ಟಿ ಓದುತ್ತಾ ಹೋದರು. ಅರ್ಧಕ್ಕೆ ಬರುವಷ್ಟರಲ್ಲಿ ನಾನು ಬೆರಳು ಮಡಚಿ ಎಣಿಸತೊಡಗಿದ್ದೆ. ಪಟ್ಟಿಯಲ್ಲಿದ್ದವರೆಲ್ಲ ನಾನು ಚಿಟಿಕೆ ಉದುರಿಸಿದವರು. ನಮ್ಮ ಓಣಿಯ ಒಬ್ಬ ಹೆಂಗಸಿನ ಹೆಸರು ಮಾತ್ರ ಅದರಲ್ಲಿರಲಿಲ್ಲ. ಅವಳೂ ನಮ್ಮವಳೇ, ಕುರಿಯ ನಡುವೆಯೇ ಬೆಳೆದವಳು. ಆದರೆ ರಕ್ತ ಕೊಟ್ಟ ದಿನ ಅವಳ ಮನೆಯಲ್ಲಿ ಸೂತಕ. ಭಂಡಾರ ಮುಟ್ಟುವಂತಿರಲಿಲ್ಲ. “ಆಕಿದೊಂದು ಯಾಕ ಹೊಳೀಲಿಲ್ಲೋ ತಿಳೀವಲ್ದು” ಎಂದು ಮೇಡಂ ತಲೆ ಕೆರೆದುಕೊಂಡರು. ನನಗೆ ತಿಳಿದಿತ್ತು. ನಾನು ತುಟಿ ಪಿಟಕ್ಕೆನ್ನಲಿಲ್ಲ. ಅವರ ಸಂತೋಷ ನೋಡಿ ಹೇಳಲಾಗಲಿಲ್ಲ ಎಂದರೆ ಅದು ಅರ್ಧ ಸತ್ಯ. ಇನ್ನರ್ಧ, ನನ್ನ ನೌಕರಿ.

ಅದರ ಜೊತೆ ಇನ್ನೊಂದು ಸಂಗತಿ ಇತ್ತು. ಹೈದರಾಬಾದಿನ ಒಂದು ಆಸ್ಪತ್ರೆಯವರು ಹೊಸ ಔಷಧಿಯ ಪ್ರಯೋಗಕ್ಕೆ ರೋಗಿಗಳನ್ನು ಆರಿಸುತ್ತಿದ್ದರು. ಮಲಗಿದ ಕಾವಲನ್ನು ಎಬ್ಬಿಸುವ ಔಷಧಿ. ಕಾವಲು ಎದ್ದೇ ಇರುವವರಿಗೆ ಅದರ ಗರಜಿಲ್ಲ ಎಂದು ಅವರು ಮೇಡಂ ಕಳಿಸಿದ ಫಲಿತಾಂಶ ನೋಡಿ ಹೊಳೆದವರ ಹೆಸರುಗಳನ್ನು ತೆಗೆದುಹಾಕಿದರು. ಎರಡು ದಿನದ ಮೇಲೆ ನಾನು ಮಕ್ತಲಕ್ಕೆ ಹೋದರೆ ದೊಡ್ಡವ್ವ ಓಣಿಗೆಲ್ಲ ಸಕ್ಕರೆ ಹಂಚುತ್ತಿದ್ದಳು. ಬಾಯಿ ಒಂದು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ, ಗಂಜಿಯನ್ನು ಹೀರಿ ಬದುಕಿದ್ದಳು. ಅಂಥವಳು ನಗುತ್ತಿದ್ದಳು. “ನನ್ನ ರಕ್ತ ಛಲೋ ಐತಂತೋ! ಔಷಧಾನೂ ಬ್ಯಾಡಂತ, ಫೋನ್ ಮಾಡಿ ಹೇಳಿದ್ರು. ತಗೋ, ಬಾಯಿ ಸಿಹಿ ಮಾಡ್ಕೋ.” ನಾಲಗೆಯ ಮೇಲಿದ್ದ ಸಕ್ಕರೆಯನ್ನು ನುಂಗಲಾರದೆ ನಾನು ಬಚ್ಚಲಿಗೆ ಹೋಗಿ ಉಗುಳಿದೆ.

ಅವತ್ತು ಬಂದ್. ಮೇಡಂ ಗದ್ವಾಲದಲ್ಲಿ ತಮ್ಮನ ಮನೆಯಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಎರಡು ದಿನ ಬಿಟ್ಟು ಹೈದರಾಬಾದಿನಲ್ಲಿ ದೊಡ್ಡ ಸಭೆ, ಅಲ್ಲಿ ಅವರು ಈ ಸಂಶೋಧನೆಯನ್ನು ಮಂಡಿಸುವವರಿದ್ದರು. ಫೋನಿನಲ್ಲಿ ಹೇಳುವ ಧೈರ್ಯ ನನಗಿರಲಿಲ್ಲ. ಭಂಡಾರವನ್ನು ಕಾಗದದಲ್ಲಿ ಕಟ್ಟಿಕೊಂಡು, ಗೆಳೆಯನ ಬೈಕು ಕೇಳಿ ತಂದು, ಸೂಜಿ ಟ್ಯೂಬುಗಳ ಚೀಲ ಹೆಗಲಿಗೇರಿಸಿ ಹೊರಟೆ. ಜೂರಾಲ ಅಣೆಕಟ್ಟಿನ ಈಚೆಗೆ ರಸ್ತೆ ಪೂರಾ ಬಂದ್. ನಡುರಸ್ತೆಯಲ್ಲಿ ಒಲೆ ಹೂಡಿ, ಅನ್ನ ಸಾರು ಬೇಯಿಸಿ, ಅಲ್ಲೇ ಪಂಕ್ತಿ ಕೂತು ಊಟ ಮಾಡುವ ಚಳವಳಿ. ಬೈಕಿನ ಕೀಲಿ ಕಿತ್ತುಕೊಂಡರು. ಚೀಲದಲ್ಲಿ ಏನಿದೆ ಎಂದರು. ಸೂಜಿ ನೋಡಿ ಒಬ್ಬನಿಗೆ ಸಂಶಯ ಬಂತು, ಇನ್ನೊಬ್ಬ ಕೊರಳಪಟ್ಟಿಗೆ ಕೈ ಹಾಕಿದ. “ಜೈ ತೆಲಂಗಾಣ ಅನು” ಎಂದರು, ಅಂದೆ. ಇನ್ನೂ ಜೋರಾಗಿ ಎಂದರು, ಅಂದೆ. ಕಣ್ಣಲ್ಲಿ ನೀರು ಬಂದದ್ದು ನೋಡಿ ಅವರಲ್ಲಿ ಹಿರಿಯನೊಬ್ಬ ನನ್ನನ್ನು ಎಲೆಯ ಮುಂದೆ ಕೂಡಿಸಿದ. “ತಿನಿ ಪೋ ತಮ್ಮುಡೂ, ತಿನಕುಂಡ ವದಲಂ.” ತಿನ್ನದೆ ಬಿಡುವುದಿಲ್ಲವಂತೆ. ಎಲೆ ಖಾಲಿ ಮಾಡಿ ಎದ್ದೆ. ಕೀಲಿ ಕೊಟ್ಟರು.

ಮೇಡಂ ಪಡಸಾಲೆಯಲ್ಲಿ ಕಾಗದ ಹರಡಿಕೊಂಡು ಕೂತಿದ್ದರು. “ಬಂದ್ ದಿನ ಯಾಕ ಬಂದಿ? ಡಬ್ಬಿ ಒಡೀತೇನು?”

“ಡಬ್ಬಿ ಅಲ್ರಿ ಮೇಡಂ. ಭಂಡಾರರಿ.” ಎಲ್ಲವನ್ನೂ, ಆ ಹೆಂಗಸಿನ ಮನೆಯ ಸೂತಕವನ್ನೂ ಹೇಳಿಬಿಟ್ಟೆ.

“ಎಲ್ಲಿಗೆ ಹಾಕೀದಿ? ತೋಳಿಗೋ, ಟ್ಯೂಬಿಗೋ?”

“ಟ್ಯೂಬಿನೊಳಗ್ರಿ. ಕೇಳಿದವರಿಗೆ ಅಷ್ಟರಿ.”

“ಮನ್ಯಾಗ ಸೂತಕ ಇತ್ತು ಅಂತಿ, ಆಕಿದಕ?”

“ಹಾಕಿಲ್ರಿ.”

“ಖರೇ?” ಎಂದರು. ನಾನು ತಲೆಯಾಡಿಸಿದೆ. “ಖರೇ?” ಮೂರನೆಯ ಸಲ ಕೇಳಲಿಲ್ಲ. ಅರಿಶಿಣವೂ ಅದೇ ಬೆಳಕಿಗೆ ಹಸಿರಾಗಿ ಹೊಳೆಯುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ, ಅವರಿಗೆ ಗೊತ್ತಿತ್ತು. “ಆಕಿ ಸೂತಕಕ್ಕಿಂತ ಛಲೋ ಪುರಾವೆ ನಾ ಇಷ್ಟು ವರ್ಷದಾಗ ನೋಡಿಲ್ಲ” ಎಂದು ನಕ್ಕರು. ಆ ನಗುವನ್ನು ನೋಡಲಾಗಲಿಲ್ಲ. ಆಮೇಲೆ ಕಾಗದಗಳನ್ನೆಲ್ಲ ಗೋಡೆಗೆ ಎಸೆದು, “ಹೊರಗ ಹೋಗು” ಎಂದು ಚೀರಿದರು. ಅವರು ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅಂಗಳದ ಬಿಸಿಲಿನಲ್ಲಿ ನಿಂತೆ. ನೌಕರಿ ಹೋಯಿತು, ಅವರೂ ಹೋದರು ಎಂದುಕೊಂಡೆ.

ಅರ್ಧ ತಾಸಿನ ಮೇಲೆ ಒಳಗೆ ಕರೆದರು. ಮುಖ ತೊಳೆದುಕೊಂಡಿದ್ದರು. “ಕೈ ತೊಳ್ಕೋ. ನನ್ನ ರಕ್ತ ತಗಿ, ಎರಡು ಟ್ಯೂಬು. ಒಂದಕ್ಕ ಭಂಡಾರ ಹಾಕು, ನಿನ್ನ ಕೈಲೆ, ನೀ ದಿನಾ ಹಾಕೋ ಅಷ್ಟ. ನಾ ಕುರಿ ಕಾದಾಕಿ ಅಲ್ಲ, ನನಗ ಕ್ಯಾನ್ಸರೂ ಇಲ್ಲ. ನಂದೂ ಹೊಳದ್ರ ಮುಗೀತು.” ಮೊದಲ ಸಲ ನರ ತಪ್ಪಿತು. ಎರಡನೆಯ ಸಲ ಚುಚ್ಚಿದಾಗ ಅವರು ಹಲ್ಲು ಕಚ್ಚಿಕೊಂಡರು. ಬಂದ್ ದಿನವೂ ಹಾಲಿನ ಗಾಡಿಯನ್ನು ಯಾರೂ ತಡೆಯುತ್ತಿರಲಿಲ್ಲ. ಹೈದರಾಬಾದಿಗೆ ಹೊರಟ ಒಂದು ಗಾಡಿಯಲ್ಲಿ ಡ್ರೈವರನ ಪಕ್ಕದಲ್ಲಿ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತು ಹೋದರು.

ಮರುದಿನ ನಾನು ಮೈಲಾರನಿಗೆ ಹರಕೆ ಹೊತ್ತೆ, ಅದು ಹೊಳೆಯದಿರಲಿ ಎಂದು. ನಮ್ಮ ರಕ್ತವೇ ಖರೆಯಾಗಲಿ, ಭಂಡಾರದ ತಪ್ಪಿಲ್ಲದಿರಲಿ ಎಂದು. ಮಧ್ಯಾಹ್ನ ಫೋನು ಬಂತು.

“ಹೊಳೀತೋ ತಮ್ಮಾ. ಹಾಕಿದ್ದು ಹೊಳೀತು, ಹಾಕಲಾರದ್ದು ಇಲ್ಲ. ಆಸ್ಪತ್ರಿಯವರಿಗೆ ಈಗ ಬರದು ಕಳಿಸೀನಿ. ನಿಮ್ಮ ದೊಡ್ಡವ್ವನ್ನ ಕರಕೊಂಡು ನಾಳಿ ಹೊಂಡು.”

ಅದರ ಮರುದಿನ ಸಭೆಯಲ್ಲಿ ಅವರು ಎದ್ದು ನಿಂತು, ತಮ್ಮ ಸಂಶೋಧನೆ ಸುಳ್ಳೆಂದು ತಾವೇ ಹೇಳಿದರು. ರಕ್ತ ತೆಗೆಯುವ ಕಡೆ ತಮ್ಮ ನಿಗಾ ಸಾಲಲಿಲ್ಲ ಎಂದರಂತೆ. ನನ್ನ ಹೆಸರು ಎಲ್ಲೂ ಬರಲಿಲ್ಲ. ಬೆನ್ನ ಹಿಂದೆ ಅವರಿಗೆ ‘ಅರಿಶಿಣ ಮೇಡಂ’ ಎಂಬ ಹೆಸರು ಬಿತ್ತು. ಇಂಥ ಹಿರಿಯರು ಇಷ್ಟು ಎಳಸು ತಪ್ಪು ಮಾಡುವುದೇ ಎಂದು ಆಡಿಕೊಂಡರು. ಮುಂದಿನ ಯೋಜನೆ ಅವರಿಗೆ ಸಿಗಲಿಲ್ಲ. ನಿವೃತ್ತಿಯ ತನಕ ಪಾಠ ಹೇಳಿಕೊಂಡಿದ್ದರು. ಔಷಧಿ ಪಡೆದವರಲ್ಲಿ ಎಲ್ಲರೂ ಉಳಿಯಲಿಲ್ಲ. ಔಷಧಿ, ಆಪರೇಶನ್ ಎಲ್ಲ ದಾಟಿ ದೊಡ್ಡವ್ವ ಉಳಿದಳು.

ತೆಲಂಗಾಣ ಬಂದ ವಾರವೇ ಅವರು ನಾರಾಯಣಪೇಟೆಯ ಕೋಣೆ ಖಾಲಿ ಮಾಡಲು ಬಂದರು. ಹೊರಗೆ ಡೊಳ್ಳು, ಗುಲಾಲು, ಪಟಾಕಿ. ಯಾರೋ ಅವರ ಹಣೆಗೂ ಗುಲಾಲು ಬಳಿದು ಹೋದರು. “ಮೇಡಂ, ನಾ ಎಲ್ಲಾರಿಗೂ ಹೇಳಿಬಿಡ್ತೀನ್ರಿ” ಎಂದೆ. “ಬ್ಯಾಡ. ನೀ ಇನ್ನೊಂದು ಕೆಲಸಕ್ಕ ಅರ್ಜಿ ಹಾಕೀದಿ. ಖಾಲಿ ಪುಟ ಕೊಟ್ಟಾಕಿ ನಾನು, ಬಂದು ನಿನ್ನ ಬಾಜು ನಿಂತು ನೋಡಲಾರದಾಕೀನೂ ನಾನು” ಎಂದರು. ಆಗ ನನಗಾದ ನೆಮ್ಮದಿಯನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ. ಅರ್ಜಿ ಹಾಕಿದ ಕೆಲಸ ಸಿಕ್ಕಿತು. ಆಮೇಲೆ ಮಕ್ತಲದಲ್ಲಿ ಸ್ವಂತ ಲ್ಯಾಬ್ ಹಾಕಿದೆ. ವರ್ಷಕ್ಕೊಮ್ಮೆ ಗದ್ವಾಲಕ್ಕೆ ಹೋಗಿ ಅವರನ್ನು ನೋಡಿ ಬರುತ್ತಿದ್ದೆ. ಅವರು ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ದೊಡ್ಡವ್ವನಿಗೂ ಹೇಳಿರಲಿಲ್ಲ. ಪಟ್ಟಿಯಲ್ಲಿ ಹೆಸರು ತಪ್ಪಿತ್ತು, ಮತ್ತೆ ಸರಿಮಾಡಿದರು ಎಂದಷ್ಟೇ ಅವಳು ತಿಳಿದಿದ್ದಳು.

ಮೇಡಂ ತೀರಿಕೊಂಡ ಹನ್ನೊಂದನೆಯ ದಿನ ಗದ್ವಾಲದ ಮನೆಯಂಗಳದಲ್ಲಿ ಅವರ ನೆನಪಿನ ಸಭೆ. ಹೋಗುವಾಗ ಬಸ್ಸಿನಲ್ಲಿ ದೊಡ್ಡವ್ವನಿಗೆ ಎಲ್ಲವನ್ನೂ ಹೇಳಿದೆ. ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಬಸ್ಸು ಕೃಷ್ಣೆ ದಾಟಿತು. ಆಮೇಲೆ, “ಆಕಿ ಇದ್ದಾಗ ಹೇಳಿದ್ರ ನಾ ಹೋಗಿ ಆಕಿ ಕಾಲಿಗೆ ಬೀಳತಿದ್ನೆಲ್ಲೋ, ಹೇಡಿ” ಎಂದಳು.

ಸಭೆಗೆ ಹೈದರಾಬಾದಿನಿಂದ ಅವರ ಹಳೆಯ ಸಹೋದ್ಯೋಗಿಯೊಬ್ಬರು ಬಂದಿದ್ದರು. ಒಳ್ಳೆಯ ಮನುಷ್ಯರೇ, ಮನಸಾರೆ ಹೊಗಳಿದರು. ಕೊನೆಗೆ ತೆಲುಗಿನಲ್ಲಿ, ಇಷ್ಟು ಪ್ರತಿಭೆಯಿದ್ದರೂ ಒಂದೇ ಒಂದು ಕಡೆ ಅವಸರ ಮಾಡಿ ಎಡವಿದರು, ಇಲ್ಲದಿದ್ದರೆ ಎಲ್ಲಿಗೋ ಮುಟ್ಟುತ್ತಿದ್ದರು ಎಂದರು. ಜನ ಪಾಪ ಎನ್ನುವಂತೆ ತಲೆಯಾಡಿಸಿದರು. ಮೇಡಂ ಅವರ ತಮ್ಮನೂ ತಲೆ ತಗ್ಗಿಸಿದ. ಇವತ್ತೂ ಸುಮ್ಮನಿದ್ದುಬಿಡಬಹುದು, ಕೇಳುವವರು ಯಾರೂ ಉಳಿದಿಲ್ಲ ಎಂದು ಒಂದು ಮನಸ್ಸು ಹೇಳಿತು. ಎದ್ದು ನಿಂತೆ.

“ಸರ್, ಎಡವಿದ್ದು ಅವರಲ್ರಿ, ನಾನ್ರಿ. ಟ್ಯೂಬಿನೊಳಗ ಭಂಡಾರ ಹಾಕಿದಾವ ನಾನು. ಅವರಿಗೆ ಹೇಳಲಾರದ ಮುಚ್ಚಿಟ್ಟಾವನೂ ನಾನು. ಅವರು ನನ್ನ ಹೆಸರು ಬಿಟ್ಟು ತಮ್ಮ ಮ್ಯಾಲೆ ಹಾಕ್ಕೊಂಡ್ರು.”

ಪಕ್ಕದಲ್ಲಿ ದೊಡ್ಡವ್ವ ನನ್ನ ಹೆಗಲು ಹಿಡಿದು ಮೇಲೆದ್ದಳು. ಆಪರೇಶನ್ ಆದಾಗಿನಿಂದ ಪರರ ಮುಂದೆ ಸರಿಸದಿದ್ದ ಸೆರಗನ್ನು ಮುಖದಿಂದ ತೆಗೆದಳು. ಒಂದು ಕಡೆಯ ದವಡೆ ಇಲ್ಲದ ಆ ಮುಖ ನೋಡಿ ಮುಂದಿನ ಸಾಲಿನವರು ಹಿಂದೆ ಸರಿದರು.

“ಅವಸರ ಮಾಡಿದ್ಲು ಅಂದ್ರೆಲ್ಲರಿ, ಖರೇನ ಐತಿ” ಎಂದಳು. ಮಾತು ತೊದಲಿದರೂ ಎಲ್ಲರಿಗೂ ಕೇಳಿಸಿತು. “ಪಟ್ಟಿಯಾಗಿಂದ ನನ್ನ ಹೆಸರ ತಗದಿದ್ರು. ನಾ ಸಾಯೂದ್ರೊಳಗ ಅದನ್ನ ತಿರುಗಿ ಬರಸಾಕ ಅವಸರ ಮಾಡಿದ್ಲು.”